ಎಳೆದು ನೋಡಿದ ಗಂಟು

ಇಬ್ಬರಲ್ಲಿ ಒಬ್ಬರು ‘ತಿರುಗೋಣ’ ಎಂದರೆ ಇನ್ನೊಬ್ಬರು ಬಂದ ದಾರಿಗೆ ತಿರುಗಬೇಕು, ಯಾಕೆ ಎಂದು ಕೇಳಬಾರದು. ಬೆಟ್ಟ ಹತ್ತಲು ಮೊದಲ ಸಲ ಒಂದೇ ಹಗ್ಗಕ್ಕೆ ಸೊಂಟ ಕೊಟ್ಟ ದಿನ ಕಸಿಯನ್ ಮತ್ತು ಬುರ್ಗಾ ಮಾಡಿಕೊಂಡ ಮಾತು ಅದು. ಆಗಿನ್ನೂ ಅವರ ಮದುವೆಯಾಗಿರಲಿಲ್ಲ. ಆಮೇಲೆ ಪಾದ್ರಿಯ ಮುಂದೆ ಕೊಟ್ಟ ಮಾತುಗಳಲ್ಲಿ ಒಂದೆರಡು ಸಡಿಲಾದದ್ದುಂಟು. ಇದು ಮಾತ್ರ ಸಡಿಲಾಗಿರಲಿಲ್ಲ. ಒಮ್ಮೆ ಆಕಾಶ ತೊಳೆದಿಟ್ಟಂತಿದ್ದ ದಿನ ಕಸಿಯನ್ ‘ತಿರುಗೋಣ’ ಎಂದಿದ್ದ. ಯಾಕೆ ಎಂದು ಬುರ್ಗಾಗೆ ಇವತ್ತಿಗೂ ಗೊತ್ತಿಲ್ಲ.

“ಮತ್ತೆ ಬಂದ್ಯಾ ಮುದುಕ? ಬೆಟ್ಟದ ನೆತ್ತಿಯ ಆ ಶಿಲುಬೆ ನಿನಗೆ ಕಾದೂ ಕಾದೂ ತುಕ್ಕು ಹಿಡೀತಿದೆ ನೋಡು,” ಎಂದಳು ಇವತ್ತು ಬೆಳಿಗ್ಗೆ ಮೇನಾ, ಬೆಟ್ಟದ ನಡುವಿನ ತಂಗುಮನೆಯ ಯಜಮಾನಿ.

“ಇವತ್ತು ಮುಟ್ಟೇ ಬರ್ತೀನಿ. ಸೂಪು ಬಿಸಿ ಇಟ್ಟಿರು. ಅದಕ್ಕೆ ಬ್ರೆಡ್ ಉಂಡೆ ಎರಡು ಜಾಸ್ತಿ ಹಾಕು.”

“ಎಷ್ಟು ಸಲ ಹೇಳ್ತೀಯೋ ಹೊಟ್ಟೆಬಾಕ! ಈಗಷ್ಟೇ ಹೇಳಿದ್ಯಲ್ಲ.”

ಕಸಿಯನ್ ನಕ್ಕ. ಬುರ್ಗಾಳೂ ನಕ್ಕಳು. ಕಣಿವೆಯ ಸುತ್ತಲಿನ ಶಿಖರಗಳಲ್ಲಿ ಅವನು ಮುಟ್ಟದೆ ಉಳಿದದ್ದು ಕಾಲ್ಟ್‌ಕೋಗೆಲ್ ಒಂದೇ. ಅದರ ನೆತ್ತಿಯ ಶಿಲುಬೆ ದಿನಾ ಬೆಳಿಗ್ಗೆ ಅವರ ಅಡುಗೆಮನೆಯ ಕಿಟಕಿಯಲ್ಲಿ ಮಿಂಚುತ್ತಿತ್ತು. ಸೆಪ್ಟೆಂಬರಿನಲ್ಲಿ ಅವನ ಮೊಣಕಾಲಿನ ಆಪರೇಷನ್. ಆಮೇಲೆ ಹಸು ಮೇಯುವ ಹುಲ್ಲುಗಾವಲಿನ ತನಕ ಓಡಾಡಿಕೊಂಡಿರಬಹುದು, ಬಂಡೆಯ ತಂಟೆ ಬೇಡ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಇವತ್ತು ಬಿಟ್ಟರೆ ಇಲ್ಲ.

ದಾರಿ ಕವಲೊಡೆಯುವಲ್ಲಿ ಅವನು ಎಡಕ್ಕೆ ಹೊರಟ. “ಎತ್ತ ಹೊರಟೆ? ಅದು ಕೆರೆಗೆ ಹೋಗೋ ದಾರಿ,” ಎಂದಳು ಬುರ್ಗಾ. “ನಿನ್ನನ್ನ ಪರೀಕ್ಷೆ ಮಾಡಿದೆ ಕಣೇ,” ಎಂದು ಅವನು ಮರಳಿ ಬಂದ. ಹುಲ್ಲು ಮುಗಿಯಿತು, ಸಡಿಲ ಕಲ್ಲು ಮುಗಿಯಿತು. ಬೇಸಿಗೆಯಲ್ಲೂ ಕರಗದೆ ಉಳಿದಿದ್ದ ಹಿಮದ ಪಟ್ಟಿಯನ್ನು ಬೂಟಿನಿಂದ ಮೆಟ್ಟಿಲು ಕಡಿಯುತ್ತ ದಾಟಿದರು. ಮೊಣಕಾಲು ನೋಯುತ್ತಿದ್ದರೂ ಅವನು ಒಮ್ಮೆಯೂ ನಿಲ್ಲಲಿಲ್ಲ. ಕೊನೆಗೆ ಉಳಿದದ್ದು ಎರಡೂ ಕಡೆ ಪ್ರಪಾತವಿದ್ದ ಕಿರಿದಾದ ಬಂಡೆಯ ಏಣು, ಅದರ ತುದಿಯಲ್ಲಿ ಶಿಲುಬೆ. ಗಾಳಿಯಿಲ್ಲ, ಮೋಡವಿಲ್ಲ.

ಅಲ್ಲಿ ಸುತ್ತಿಟ್ಟ ಹಗ್ಗ ಬಿಚ್ಚಿದರು. ತಂತಮ್ಮ ಗಂಟು ತಾವೇ ಹಾಕಿಕೊಳ್ಳಬೇಕು, ಆಮೇಲೆ ಒಬ್ಬರದನ್ನು ಇನ್ನೊಬ್ಬರು ಎಳೆದು ನೋಡಬೇಕು. ಅಷ್ಟಾಗದೆ ಯಾರೂ ಒಂದು ಹೆಜ್ಜೆ ಎತ್ತುವುದಿಲ್ಲ. ಕಟ್ಟಿಕೊಂಡವರನ್ನು ನಂಬು, ಕಟ್ಟಿದ ಗಂಟನ್ನು ಎಳೆದು ನೋಡು ಎನ್ನುತ್ತಾರೆ ಆ ಕಡೆಯವರು. ಕಸಿಯನ್ ಅವಳದನ್ನು ಎಳೆದ, ಬಿಗಿಯಾಗಿತ್ತು. ಬುರ್ಗಾ ಅವನದನ್ನು ಎಳೆದಳು. ಹಗ್ಗದ ತುದಿ ಸರ್ರನೆ ಜಾರಿ ಅವಳ ಅಂಗೈಗೆ ಬಂತು. ಸೊಂಟಪಟ್ಟಿಯೊಳಗೆ ತೂರಿಸಿದ ತುದಿಯನ್ನು ಗಂಟಿನ ಜಾಡಿನಲ್ಲೇ ಮರಳಿ ತರಬೇಕು, ಅವನು ತಂದಿರಲಿಲ್ಲ. ಕಣಿವೆಯ ಅರ್ಧ ಮಂದಿಗೆ ಆ ಗಂಟು ಕಲಿಸಿದವನೇ ಅವನು.

“ಸರಿ ಇದೆಯೇನೇ?” ಎಂದ ಕಸಿಯನ್. ಅವನ ಕಣ್ಣು ಶಿಲುಬೆಯ ಮೇಲಿತ್ತು.

“ಇರು,” ಎಂದು ಅವಳು ತಾನೇ ಗಂಟು ಹಾಕತೊಡಗಿದಳು, ಅರ್ಧಕ್ಕೆ ನಿಂತಳು. ಈ ಒಂದು ಗಂಟನ್ನು ಅವಳು ಹಾಕಬಲ್ಲಳು. ಆದರೆ ಏಣಿನ ತಿರುವುಗಳಲ್ಲಿ ಅವಳ ಕಣ್ಣಿಗೆ ಬೀಳದಲ್ಲಿ ಅವನ ಕೈ ಇನ್ನೇನನ್ನು ಮರೆಯುವುದೋ. ಒಬ್ಬರು ಜಾರಿದರೆ ಇಬ್ಬರೂ.

“ತಿರುಗೋಣ,” ಎಂದಳು.

ಕಸಿಯನ್ ಆಕಾಶ ನೋಡಿದ. ಶಿಲುಬೆ ನೋಡಿದ. ಅವಳನ್ನು ನೋಡಿದ.

“ಕೈಗೆ ಸಿಗೋ ಹಾಗಿದೆ ಕಣೇ.”

“ಗೊತ್ತು. ತಿರುಗೋಣ.”

ಅವನು ಬಗ್ಗಿ ಹಗ್ಗ ಸುತ್ತತೊಡಗಿದ. “ಹಾಗಾದ್ರೆ ಸೂಪು ಆರೋದಕ್ಕೆ ಮುಂಚೆ ತಲುಪ್ತೀವಿ ಬಿಡು,” ಎಂದ. ಇಳಿಯುವಾಗ ಗಟ್ಟಿಗರು ಹಿಂದೆ ಇರುವುದು ವಾಡಿಕೆ. ಇಷ್ಟು ವರ್ಷ ಹಿಂದೆ ಇದ್ದವನು ಅವನೇ. ಇವತ್ತು ಬುರ್ಗಾ ಹಿಂದೆ ನಿಂತು, ಮುಂದೆ ನಡಿ ಎಂಬಂತೆ ಗದ್ದ ಎತ್ತಿದಳು. ಅವನು ಮುಂದೆ ನಡೆದ.

“ಏನಯ್ಯಾ, ಮುಟ್ಟಿದ್ಯಾ?” ಎಂದು ಮೇನಾ ಬಾಗಿಲಲ್ಲೇ ಹಿಡಿದಳು.

“ಇಲ್ಲ. ಮೊಣಕಾಲು ಕೈಕೊಡ್ತು. ನಾನೇ ತಿರುಗೋಣ ಅಂದೆ.”

“ಕೊನೆಗೂ ಬುದ್ಧಿ ಬಂತಲ್ಲ, ಒಳಗೆ ಬಾ.” ಬುರ್ಗಾ ಏನೋ ಹೇಳಲು ಹೋದಳು, ಅವನು ಅವಳ ಬೂಟು ತುಳಿದ.

ಸೂಪಿನಲ್ಲಿ ಉಂಡೆ ಎರಡು ಜಾಸ್ತಿಯೇ ಇದ್ದವು. ಕಸಿಯನ್ ಕಿಟಕಿಗೆ ಬೆನ್ನು ಹಾಕಿ ಕೂತು ತಿಂದ. ತಟ್ಟೆ ಬರಿದಾದ ಮೇಲೆ ಹಗ್ಗದ ತುದಿಯನ್ನು ಬೆಂಚಿನ ಕಾಲಿಗೆ ಸುತ್ತಿ, ಬೆರಳಿನಿಂದ ತಡವಿ ತಡವಿ ಅದೇ ಗಂಟು ಹಾಕಿದ. ಅದನ್ನು ಹೆಂಡತಿಯ ಕಡೆ ತಳ್ಳಿದ.

“ಎಳೆದು ನೋಡು.”

ಬುರ್ಗಾ ಎಳೆದಳು. ಹಗ್ಗ ಕಳಚಿ ಅವಳ ಮಡಿಲಿಗೆ ಬಂತು. ಅವಳು ತುದಿಯನ್ನು ಅವನ ಅಂಗೈಗೆ ಇಟ್ಟಳು.

“ಇನ್ನೊಂದ್ಸಲ ಕಟ್ಟು,” ಎಂದಳು.

ಅವನು ಬಗ್ಗಿ ಮತ್ತೆ ಶುರು ಮಾಡಿದ. ಯಾಕೆ ತಿರುಗಿದೆವು ಎಂದು ಕೇಳಲಿಲ್ಲ.