ಯಾವುದಕ್ಕೂ ಬಗ್ಗದ ಸಂಖ್ಯೆ

ಗಣಿತದ ಮೇಷ್ಟ್ರು ಕಂಡುಹಿಡಿದ ಅವಿಭಾಜ್ಯ ಸಂಖ್ಯೆ ಅಂತಿಂಥದ್ದಲ್ಲ. ಮೂವತ್ತೊಂದು ಅಂಕಿಯದು, ಜೋರಾಗಿ ಓದಲು ಹೊರಟರೆ ನಡುವೆ ಎರಡು ಸಲ ನೀರು ಕುಡಿಯಬೇಕು. ಸಾಕ್ಷಾತ್ ಬ್ರಹ್ಮ ಬಂದರೂ ಒಂದನ್ನೂ ಅದನ್ನೂ ಬಿಟ್ಟು ಬೇರಾವುದರಿಂದಲೂ ಅದನ್ನು ಶೇಷವಿಲ್ಲದೆ ಭಾಗಿಸಲಾರ ಎಂದು ಸಾಧಿಸಲು ಅವರು ಏಳು ವರ್ಷದಲ್ಲಿ ಒಂದು ಗಾಡಿ ನೋಟ್‌ಬುಕ್ ಮುಗಿಸಿದ್ದರು. ಕೋಟಿಗಟ್ಟಲೆಯ ಭಾಜಕಗಳೆಲ್ಲ ಅವರ ಪಾಲು. ನೂರರೊಳಗಿನ ಚಿಲ್ಲರೆ ಸಂಖ್ಯೆಗಳಿಂದ ಭಾಗಿಸುವುದು ತಮ್ಮ ಘನತೆಗೆ ಸಲ್ಲದೆಂದು ಆ ಕೆಲಸವನ್ನು ಮೊದಲೇ ಹೆಂಡತಿಗೆ ವಹಿಸಿದ್ದರು.

ಸನ್ಮಾನದ ದಿನ ಪೇಟ ಸುತ್ತಿಕೊಂಡು, "ತುಂಗಾ, ನಿನ್ನ ಆ ಹಾಳೇನೂ ಕೊಡೇ, ವೇದಿಕೇಲಿ ತೋರಿಸ್ತೀನಿ" ಎಂದರು.

ಹಾಳೆಯಲ್ಲಿ ಹದಿಮೂರರ ಎದುರು 'ಶೇಷ ಸೊನ್ನೆ' ಎಂದಿತ್ತು. ಮೇಷ್ಟ್ರು ನಿಂತಲ್ಲೇ ಮೂರು ಸಲ ಭಾಗಿಸಿದರು. ಮೂರು ಸಲವೂ ಸೊನ್ನೆಯೇ. ಹೊರಗೆ ಬೀದಿಗೆ ಅಡ್ಡಲಾಗಿ ಅದೇ ಸಂಖ್ಯೆಯ ಬ್ಯಾನರ್ ತೂಗುತ್ತಿತ್ತು, ಬಾಗಿಲಲ್ಲಿ ಓಲಗದವರು ಊದುತ್ತಿದ್ದರು. ಭಾಗಾಕಾರ ತಪ್ಪಿದ್ದಕ್ಕೆ ತಾವು ಹಿಂಡಿದ ಮಕ್ಕಳ ಕಿವಿಗಳೆಲ್ಲ ನೆನಪಾಗಿ ಅವರ ಕಿವಿಯೇ ಕಾದ ಹೆಂಚಾಯಿತು.

"ಹದಿಮೂರರಲ್ಲಿ ಹೋಗುತ್ತಲ್ಲೇ ಇದು! ಯಾವಾಗ ಮಾಡಿದ್ದು?"

"ನೀವು ಕೊಟ್ಟ ದಿನಾನೇ."

"ಏಳು ವರ್ಷ ಬಾಯಿ ಹೊಲ್ಕೊಂಡಿದ್ಯಾ? ಈಗ ಊರಿಗೆ ಯಾವ ಮುಖ ತೋರಿಸ್ಲಿ? ಅವತ್ತೇ ಬಂದು ಹೇಳೋಕೇನಾಗಿತ್ತು ನಿಂಗೆ?"

"ಬಂದು ಹೇಳಿದ್ನಲ್ರೀ. ನೀವು ತಲೇನೂ ಎತ್ತದೆ, 'ಸರಿ ಸರಿ, ಕಾಫಿ ಅಲ್ಲಿಟ್ಟು ಹೋಗು' ಅಂದ್ರಿ."