ನೀರಿನ ಪಾಳಿ

ಪರದೆಯ ಮೇಲೆ ನಾಯಕ ಗುಂಡಿ ಒತ್ತಿದ. ಗಡಿಯಾಚೆಯ ಗುಡ್ಡವೊಂದು ಧೂಳೆದ್ದು ಹೋಯಿತು, ಟಾಕೀಜು ಹಾರಿಹೋಗುವಂತೆ ಸಿಳ್ಳೆ ಬಿದ್ದವು. ಸರಿಯಾಗಿ ಅದೇ ಗಳಿಗೆಗೆ ದ್ಯಾಮಪ್ಪನ ಕಿಸೆಯಲ್ಲಿ ಫೋನು ಗುರುಗುಟ್ಟಿತು. ನೋಡಿದರೆ ಫಕೀರಬಿ! ಹೊತ್ತು ನೋಡಿದರೆ ನಾಲ್ಕು!

ಬೆಟಗೇರಿಯ ಆರು ಓಣಿಗಳಿಗೆ ನಳದ ನೀರು ಬಿಡುವವನು ಈ ದ್ಯಾಮಪ್ಪ. ಹದಿಮೂರು ದಿನಗಳ ಮೇಲೆ ಇವತ್ತು ಫಕೀರಬಿಯ ಓಣಿಯ ಪಾಳಿ, ಮೂರರಿಂದ ಐದರವರೆಗೆ. ಐದು ಹೊಡೆಯಿತೆಂದರೆ ನೀರು ಮುಂದಿನ ಓಣಿಗೆ ತಿರುಗಬೇಕು. ಪಾಳಿ ತಪ್ಪಿದವರು ಮತ್ತೆ ಹದಿಮೂರು ದಿನ ಕಾಯಬೇಕು. ನಾಳೆ ಬೆಳಗಾದರೆ ಫಕೀರಬಿಯ ಮೊಮ್ಮಗಳು ರುಹಿಯ ಮದುವೆ. ಮುಂಡರಗಿಯ ನೆಂಟರು ಬಂದು ಇಳಿದಾಗಿದೆ, ಬ್ಯಾರಲ್ಲುಗಳು ಬಾಯಿ ತೆರೆದುಕೊಂಡು ಕೂತಿವೆ. ಇದೆಲ್ಲ ಗೊತ್ತಿದ್ದೂ ಅವನನ್ನು ಮಧ್ಯಾಹ್ನದ ಆಟಕ್ಕೆ ಎಳೆದು ತಂದವನು ಮೊಬೈಲ್ ಅಂಗಡಿಯ ವೀರೇಶ. "ಒಂದರ್ಧ ತಾಸು ನೋಡಿ ಎದ್ದು ಹೋಗೀರಂತ ಬರ್ರಿ ಕಾಕಾ. ನಮ್ಮ ದೇಶದ ತಾಕತ್ತು ಏನಂತ ಕಣ್ಣಾರೆ ನೋಡ್ರಿ" ಎಂದು ಟಿಕೆಟನ್ನೂ ತಾನೇ ತೆಗೆಸಿದ್ದ. ಫುಕಟ್ ಸಿನಿಮಾದಿಂದ ಅರ್ಧ ತಾಸಿಗೆ ಎದ್ದು ಬಂದ ಗಂಡಸು ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ. ದ್ಯಾಮಪ್ಪನಂತೂ ಮೂರನೇ ಸಾಲಿನಲ್ಲಿ ಕೂತು, ತಾನೇ ಲಡಾಯಿ ಗೆದ್ದವನ ಹಾಗೆ ಉಬ್ಬಿಹೋಗಿದ್ದ. ನೀರಿನ ಕೊಳವೆಯ ವಾಲ್ ತಿರುಗಿಸುವ ಆಳೆತ್ತರದ ಕಬ್ಬಿಣದ ಚಾವಿ ಅವನ ಮೊಣಕಾಲುಗಳ ನಡುವೆ ಬಂದೂಕಿನ ಹಾಗೆ ನಿಂತಿತ್ತು.

ಅವನು ಚಾವಿ ಊರಿಕೊಂಡು ಎದ್ದ. ವೀರೇಶ ಅಂಗಿ ಹಿಡಿದು ಜಗ್ಗಿದ.

"ಎಲ್ಲಿಗ್ರಿ ಕಾಕಾ?"

"ನೀರು ಬಿಡಬೇಕೋ ತಮ್ಮಾ, ಹೊತ್ತಾತು."

"ಅಲ್ಲಿ ಜವಾನರು ಜೀವಾ ಕೊಡಾಕತ್ತಾರ, ನೀವು ಕೊಡಾ ತುಂಬ್ಸಾಕ ಹೊಂಟ್ರೇನು?"

ಮುಂದಿನ ಸಾಲಿನವರು ತಿರುಗಿ ನೋಡಿದರು. ಹಿಂದಿನಿಂದ ಯಾರೋ, "ಯಾವನಲೇ ಅವ ದೇಶದ್ರೋಹಿ, ಕುಂಡ್ರಲೇ!" ಎಂದು ಕೂಗಿದ. ಎರಡು ಮೊಬೈಲುಗಳ ಬೆಳಕು ಅವನ ಮುಖಕ್ಕೇ ಬಿತ್ತು. ಬೈಗುಳ ದ್ಯಾಮಪ್ಪನಿಗೆ ಹೊಸದಲ್ಲ, ನೀರು ಅರ್ಧ ತಾಸು ತಡವಾದರೆ ಹೆಂಗಸರು ಅವನ ಏಳು ತಲೆಮಾರನ್ನೂ ಎತ್ತಿ ಆಡುತ್ತಾರೆ. ಆದರೆ ಈ ಬೈಗುಳವನ್ನು ಅವನು ಇದುವರೆಗೆ ತಿಂದಿರಲಿಲ್ಲ. ತೆಪ್ಪಗೆ ಕೂತ. ಕೂತ ಮೇಲೆ ಒಂದು ಸಂಶಯ ಹತ್ತಿಕೊಂಡಿತು: ಈ ಪರದೆಯ ಮೇಲಿನ ದೇಶದೊಳಗೆ ತನ್ನ ಆರು ಓಣಿಗಳೂ ಬರುತ್ತವೆಯೋ ಇಲ್ಲವೋ? ವೀರೇಶನನ್ನು ಕೇಳಿ ಉಪಯೋಗವಿರಲಿಲ್ಲ. ಅವನ ಮನೆಯಲ್ಲಿ ಬೋರ್‌ವೆಲ್ ಇತ್ತು.

ಇಪ್ಪತ್ತು ನಿಮಿಷವಾಗಿರಬೇಕು. ಬಾಗಿಲು ತೆರೆದು ಬಿಸಿಲು ಒಳಗೆ ನುಗ್ಗಿತು, ಬಿಸಿಲಿನ ಹಿಂದೆ ಗೇಟಿನವನ ಕೂಗಾಟ, ಅವನ ಮುಂದೆ ಸೊಂಟಕ್ಕೆ ಖಾಲಿ ಕೊಡ ಇಟ್ಟುಕೊಂಡ ಫಕೀರಬಿ. ಟಾಕೀಜಿನ ಹೊರಗೆ ನಿಂತ ದ್ಯಾಮಪ್ಪನ ಮೋಟಾರ್ ಸೈಕಲ್ಲೇ ಅವಳಿಗೆ ಪತ್ತೆ ಹೇಳಿತ್ತು. ಎಪ್ಪತ್ತರ ಮುದುಕಿಗೆ ಕಣ್ಣು ಚುರುಕು, ಕತ್ತಲಲ್ಲೂ ಚಾವಿಯ ತುದಿ ನೋಡಿಯೇ ಆಸಾಮಿಯನ್ನು ಗುರುತು ಹಿಡಿದಳು. ಮೂರನೇ ಸಾಲಿಗೆ ಬಂದು ಬೈಯಲು ಬಾಯಿ ತೆರೆದಳು. ಆಗಲೇ ಗೆದ್ದ ಗುಡ್ಡದ ಮೇಲೆ ಬಾವುಟ ಏರತೊಡಗಿತು, ಇಡೀ ಟಾಕೀಜು ಧಡಕ್ಕನೆ ಎದ್ದು ನಿಂತಿತು.

ಫಕೀರಬಿ ಬಾಯಿ ಮುಚ್ಚಿದಳು. ಕೊಡ ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು, ಎಲ್ಲರಿಗಿಂತ ನೆಟ್ಟಗೆ ನಿಂತಳು. ಆ ಸಿನಿಮಾ ತೆಗೆದವನ ಮನೆಯಲ್ಲಿ ಮದುವೆ ಇರಲಿಲ್ಲವೆಂದು ಕಾಣುತ್ತದೆ. ಬಾವುಟವನ್ನು ಗೇಣುಗೇಣಾಗಿ ಏರಿಸಿದ, ಗುಡ್ಡದ ಸುತ್ತ ಮೂರು ಸಲ ಕ್ಯಾಮೆರಾ ತಿರುಗಿಸಿದ. ಅಂತೂ ಬಾವುಟ ತುದಿ ಮುಟ್ಟಿತು. ಜನ ಕೂತರು.

"ದ್ಯಾಮಪ್ಪಾ, ದೇಶ ಗೆದ್ದೈತಿಲ್ಲೋ?" ಫಕೀರಬಿ ಕೇಳಿದಳು.

"ಗೆದ್ದೈತಿ ಚಿಗವ್ವಾ."

"ಹಂಗಾರ ನಡಿ, ನೀರು ಬಿಡು."

ಸುತ್ತಲಿನವರು ಕಿಸಕ್ಕನೆ ನಕ್ಕರು. ವೀರೇಶನಿಗೆ ತಡೆಯಲಾಗಲಿಲ್ಲ. "ಆಯಿ, ಇನ್ನ ಹತ್ತು ನಿಮಿಷ ಐತ್ರಿ, ಕುಂಡ್ರಿ. ಖರೇ ತಾಕತ್ತು ಮುಂದ ಐತಿ."

"ಇದ್ದೀತಪಾ. ಅಷ್ಟು ದೂರದ ಗುಡ್ಡಾ ಒಡಿಯೋರಿಗೆ ನಮ್ಮ ಓಣಿ ಒಂದ ಭಾಳ ದೂರ ಆತು ನೋಡು."

ಫಕೀರಬಿಯನ್ನು ಮೋಟಾರ್ ಸೈಕಲ್ಲಿನ ಹಿಂದೆ ಕೂಡ್ರಿಸಿಕೊಂಡು, ಚಾವಿಯನ್ನು ಅವಳ ಕೈಗೇ ಕೊಟ್ಟು, ದ್ಯಾಮಪ್ಪ ಓಣಿ ಮುಟ್ಟಿದಾಗ ನಾಲ್ಕೂ ನಲವತ್ತು. ವಾಲ್ ತಿರುಗಿದ್ದೇ ತಡ, ಮನೆಮನೆಯಿಂದ ಕೂಗೆದ್ದಿತು. ಮದುಮಗಳು ರುಹಿ ಮೆಹಂದಿ ಹಚ್ಚಿದ ಕೈಯಲ್ಲೇ ಕೊಡ ಎತ್ತಿದಳು. ಇಪ್ಪತ್ತು ನಿಮಿಷದಲ್ಲಿ ಐದು ಬ್ಯಾರಲ್ಲುಗಳ ಪೈಕಿ ಎರಡು ತುಂಬಿದವು. ಐದು ಹೊಡೆಯಿತು, ಅವನು ವಾಲ್ ಮುಚ್ಚಲೇಬೇಕಾಯಿತು. ಉಳಿದ ಮೂರು ಬ್ಯಾರಲ್ಲುಗಳನ್ನು ನೋಡಿ ದ್ಯಾಮಪ್ಪನಿಗೆ ನಾಚಿಕೆಯಾಯಿತು.

"ತಪ್ಪು ನಂದ ಐತಿ ಚಿಗವ್ವಾ," ಎಂದ. "ನಾಕ್ಕ ಎದ್ದು ಬರಬೇಕಿತ್ತು, ಮಂದಿಗೆ ಅಂಜಿ ಕುಂತೆ. ಆದ್ರ ನೀನೂ ಬಂದಾಕಿ ಹಂಗ ನಿಂತಬಿಟ್ಟೆಲ್ಲ? ಅದೇನು ಖರೇ ಬಾವುಟನ? ಸಿನಿಮಾದ್ದು. ನನ್ನ ರಟ್ಟಿ ಹಿಡದು ಆವಾಗ ಎಳಕೊಂಡು ಬಂದಿದ್ರ ಇನ್ನೊಂದು ನಾಕು ಕೊಡಾ ತುಂಬತಿದ್ವು."

ಫಕೀರಬಿ ತುಂಬಿದ ಬ್ಯಾರಲ್ಲಿನ ಮುಚ್ಚಳ ಬಿಗಿ ಮಾಡಿ, ಸೆರಗಿಗೆ ಕೈ ಒರೆಸಿಕೊಂಡಳು.

"ನೀ ಎದ್ದು ಬಂದಿದ್ರ ನೀರು ಬರತಿತ್ತು ದ್ಯಾಮಪ್ಪಾ," ಎಂದಳು. "ನಾ ನಿಲ್ಲದಿದ್ರ ಮಂದಿ ಮನಿ ಮ್ಯಾಲ ಬರತಿದ್ರು."