ಹೊರಗಿನಿಂದ ಕಟ್ಟಿದ ಬಾಗಿಲು

“ಸುಳ್ಳು!” ಎಂದಳು ಬಡಬಡಿ, ಇಸ್ತ್ರಿಪೆಟ್ಟಿಗೆಯನ್ನು ಠಪ್ಪೆಂದು ಇಟ್ಟು. “ಮೇಸ್ತ್ರಿ ನಿನ್ನ ಜೊತೆ ಉಗ್ರಾಣದ ಒಳಗೇ ಇದ್ದ ಅಂತೀಯ. ಬಾಗಿಲು ಹೊರಗಡೆಯಿಂದ ಕಟ್ಟಿತ್ತು ಅಂತೀಯ. ಹಾಗಾದ್ರೆ ಕಟ್ಟಿದ್ದು ಯಾರು, ದೆವ್ವಾನಾ?”

ಪುಟ್ಟಿ ತಲೆ ತಗ್ಗಿಸಿದಳು. ಮೂರು ದಿನದಿಂದ ನುಂಗಿಕೊಂಡಿದ್ದನ್ನು ಈಗಷ್ಟೇ, ಊಟದ ಬಿಡುವಿನಲ್ಲಿ, ಗೆಳತಿಯರ ಮುಂದೆ ಹೇಳಿಕೊಂಡಿದ್ದಳು. ಲಾಂಡ್ರಿಯ ಹಿಂಭಾಗದ ಉಗ್ರಾಣಕ್ಕೆ ಚಾದರ ತರಲು ಹೋದವಳ ಹಿಂದೆಯೇ ಮೇಸ್ತ್ರಿ ಬಂದಿದ್ದ. ಕೊಸರಿಕೊಂಡು ಓಡಿಬಂದು ತಳ್ಳಿದರೆ ಬಾಗಿಲು ಅಲುಗಲಿಲ್ಲ. ಕಿರುಚಿದ್ದು ಯಂತ್ರಗಳ ಗದ್ದಲದಲ್ಲಿ ಮುಳುಗಿಹೋಯಿತು. ಎಲ್ಲ ಮುಗಿದ ಮೇಲೆ ಅವನು ಬಾಗಿಲನ್ನು ಎರಡು ಸಲ ತಟ್ಟಿದ. ಹೊರಗೆ ಕತ್ತರಿಯ ಸದ್ದಾಯಿತು. ಬಾಗಿಲು ತೆರೆದಾಗ ಓಣಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.

ಇಷ್ಟು ಸಾಲದೆಂಬಂತೆ, ಪುಟ್ಟಿ ಚಾದರ ಕದಿಯುವಾಗ ಸಿಕ್ಕಿಬಿದ್ದಳೆಂದು ಆ ಪಾಪಿ ತಾನೇ ಮೊದಲು ಹೋಗಿ ಯಜಮಾನರ ಕಿವಿ ಊದಿದ್ದ. ಮೂರು ಗಂಟೆಗೆ ವಿಚಾರಣೆ. ಇವರಲ್ಲಿ ಒಬ್ಬರಾದರೂ ಜೊತೆಗೆ ಬಂದು ನಿಲ್ಲದಿದ್ದರೆ ಕೆಲಸವೂ ಹೋಯಿತು, ಮಾನವೂ ಹೋಯಿತು.

“ನನಗೂ ನಂಬೋಕಾಗ್ತಿಲ್ಲ ಕಣೇ,” ಎಂದಳು, ಎಲ್ಲರೂ ‘ಕನ್ನಡಕ’ ಎಂದೇ ಕರೆಯುವ ಗೆಳತಿ. ಬಟ್ಟೆಯಲ್ಲಿ ಕಲೆ ಹುಡುಕುವ ಕೆಲಸ ಅವಳದು. ಮಾತಿನಲ್ಲೂ ಅದನ್ನೇ ಹುಡುಕುತ್ತಿದ್ದಳು. “ಹತ್ತು ವರ್ಷದಿಂದ ನೋಡ್ತಿದೀನಿ. ಆ ಮನುಷ್ಯ ಹೆಂಗಸರ ಹತ್ರ ತಲೆ ಎತ್ತಿ ಮಾತಾಡಿದ್ದಿಲ್ಲ.”

ಗೆಳತಿಯರಂತೆ, ಗೆಳತಿಯರು! ತಲೆನೋವು ಎಂದರೆ ಮಾತ್ರೆ ಹುಡುಕುತ್ತಿದ್ದವರು ಇದಕ್ಕೆ ಸಾಕ್ಷಿ ಹುಡುಕುತ್ತಿದ್ದರು. ಯಾಕಾದರೂ ಬಾಯಿಬಿಟ್ಟೆನೋ ಎಂದು ಪುಟ್ಟಿಗೆ ತನ್ನ ಮೇಲೆಯೇ ಸಿಟ್ಟು ಬಂತು.

“ನಾನು ನಂಬ್ತೀನಿ.”

ಅಕ್ಕನ ದನಿ. ಗೋಡೆಗೆ ಒರಗಿ ಕೊಳೆಬಟ್ಟೆಯ ಮೂಟೆ ಕಟ್ಟುತ್ತಿದ್ದಳು. ಎಲ್ಲರಿಗಿಂತ ಹಿರಿಯಳು, ಪುಟ್ಟಿಯನ್ನು ಈ ಕೆಲಸಕ್ಕೆ ಸೇರಿಸಿದವಳು. ನಿನ್ನೆಯಷ್ಟೇ ಅವಳ ಮಗಳಿಗೂ ಮುಂದಿನ ಕೌಂಟರಿನಲ್ಲಿ ಮೇಸ್ತ್ರಿ ಕೆಲಸ ಕೊಡಿಸಿದ್ದ.

ಪುಟ್ಟಿ ತಲೆ ಎತ್ತಿದಳು. ಒಬ್ಬಳಾದರೂ ನಂಬಿದಳಲ್ಲ!

“ಅಯ್ಯೋ ಅಕ್ಕ, ನೀವೂ ನಿಮ್ಮ ಗಂಟಿನ ಹಾಗೇ,” ಎಂದು ಬಡಬಡಿ ನಕ್ಕಳು. “ಹಿಡಿದಿದ್ದು ಬಿಡೋದೇ ಇಲ್ಲ.”

ಮೂಟೆಗೆ ಚೀಟಿ ಅಂಟಿಸಿದರೆ ತೇವಕ್ಕೆ ಹರಿದುಹೋಗುತ್ತದೆಂದು, ಕಟ್ಟಿದವರು ಯಾರೆಂಬುದಕ್ಕೆ ಅಲ್ಲಿ ಗಂಟೇ ಗುರುತು. ಬಡಬಡಿಯದು ಬರೀ ಕುಣಿಕೆ. ಕನ್ನಡಕದ್ದು ಜೋಡಿ ಗಂಟು. ಅಕ್ಕನದು ಮೂರು ಸುತ್ತು, ಬಾಲ ಒಳಗೆ. ಅವಳ ಮೂಟೆ ಕಂಡರೆ ಒಗೆಯುವವರು ಗೊಣಗುತ್ತಿದ್ದರು. ಇಪ್ಪತ್ತು ವರ್ಷದ ಕೈ, ನೋಡದೆಯೂ ಕಟ್ಟುತ್ತಿತ್ತು.

“ನೋಡು ಪುಟ್ಟೀ,” ಎಂದಳು ಅಕ್ಕ, “ಯಜಮಾನರ ಮುಂದೆ ಬಾಗಿಲ ಸುದ್ದಿ ಎತ್ತಬೇಡ. ಅದೊಂದೇ ಅಡ್ಡ ಬರ್ತಿರೋದು. ಮೇಸ್ತ್ರಿ ಕೈ ಹಿಡಿದ ಅನ್ನು, ಸಾಕು.”

“ನಡೆದದ್ದನ್ನ ಬಿಟ್ಟು ಹೇಳೋದು ಹೇಗಕ್ಕಾ?”

“ನಿನ್ನ ಒಳ್ಳೇದಕ್ಕೇ ಹೇಳ್ತಿರೋದು.”

ಕನ್ನಡಕ ಬಿಡಲಿಲ್ಲ. “ಬಾಗಿಲು ಕಟ್ಟಿತ್ತು ಅನ್ನೋದಕ್ಕೆ ಏನಾದ್ರೂ ಇದೆಯಾ? ತೋರಿಸು, ಈಗಲೇ ಎದ್ದು ನಿನ್ನ ಜೊತೆ ಬರ್ತೀನಿ.”

ಇತ್ತು. ಅಂದು ಹೊಸ್ತಿಲಲ್ಲಿ ಏನೋ ಬಿದ್ದಿತ್ತು. ಏಕೆಂದು ತನಗೇ ತಿಳಿಯದೆ, ಅದನ್ನು ಬಾಚಿ ಚೀಲಕ್ಕೆ ತುರುಕಿ ಓಡಿದ್ದಳು. ಆಮೇಲೆ ಆ ಚೀಲದ ಬುಡಕ್ಕೆ ಕೈ ಹಾಕಲೂ ಹೇಸಿಗೆಯಾಗಿತ್ತು.

“ಚಿಲಕದ ಕೊಂಡಿಗೆ ಕಟ್ಟಿದ್ದ ಬಟ್ಟೆ ಪಟ್ಟಿ ನನ್ನ ಹತ್ರಾನೇ ಇದೆ,” ಎಂದಳು.

ಅಕ್ಕನ ಕೈ ನಿಂತಿತು. “ಬೇಡ ಬಿಡೇ. ನಾನು ನಂಬಿದೀನಲ್ಲ, ಸಾಲದಾ?”

“ನೀವು ನಂಬಿದ್ರಿ ಅಂತಲೇ ಧೈರ್ಯ ಬಂತು, ಅಕ್ಕಾ.”

ಪುಟ್ಟಿ ಮುಖ ತಿರುಗಿಸಿಕೊಂಡು ಚೀಲದೊಳಗೆ ಕೈ ಹಾಕಿದಳು. ಪಟ್ಟಿಯನ್ನು ತೆಗೆದು ಇಸ್ತ್ರಿ ಮೇಜಿನ ಮೇಲೆ ಎಸೆದಳು. ಕತ್ತರಿ ಬಿದ್ದದ್ದು ಪಟ್ಟಿಗೆ. ಗಂಟು ಗಂಟಾಗಿಯೇ ಉಳಿದಿತ್ತು.

ಕನ್ನಡಕ ಬಗ್ಗಿ ನೋಡಿದಳು. ಆಮೇಲೆ ಪುಟ್ಟಿಯ ಮುಖ ನೋಡಲಿಲ್ಲ. ಅಕ್ಕನ ಕಾಲ ಬಳಿಯಿದ್ದ ಮೂಟೆಯನ್ನು ನೋಡಿದಳು.

ಮೂರು ಸುತ್ತು, ಬಾಲ ಒಳಗೆ.